ಕಂಡೆನ್ಸರ್ ಬದಲಿಸುವಾಗ

ಕಾರಿನ ಎಸಿಯಲ್ಲಿ ದಾರಿಯ ಪೆಟ್ಟು ಮೊದಲು ತಿನ್ನುವುದು ಕಂಡೆನ್ಸರ್. ರೇಡಿಯೇಟರಿನ ಮುಂದೆ, ಬಂಪರಿನ ಜಾಲರಿಯ ಹಿಂದೆಯೇ ಕೂತಿರುವ ಈ ತೆಳು ಅಲ್ಯೂಮಿನಿಯಂ ಭಾಗಕ್ಕೆ ಕಲ್ಲು, ಕೆಸರು, ದೂಳು ನೇರವಾಗಿ ಬಡಿಯುತ್ತವೆ. ಕಂಪ್ರೆಸರ್ ಒತ್ತಿ ಕಳಿಸಿದ ಬಿಸಿ ಅನಿಲ ಇಲ್ಲಿ ತಣಿದು ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನೊಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಅದೇ ದ್ರವ ಮತ್ತೆ ಅನಿಲವಾಗುತ್ತಾ ಗಾಡಿಯೊಳಗಿನ ಬಿಸಿ ಹೀರಿಕೊಳ್ಳುತ್ತದೆ. ಪೆಟ್ರೋಲಿನಂತೆ ಈ ಗ್ಯಾಸ್ ಉರಿದು ಮುಗಿಯುವುದಿಲ್ಲ. ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ಹಾಕಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದೇ ಲೆಕ್ಕ.

ಅತ್ತಿಬೆಲೆ ದಾಟಿ, ನೈಸ್ ರಸ್ತೆ ಹಿಡಿದು ಉತ್ತರಹಳ್ಳಿಯ ಗ್ಯಾರೇಜಿಗೆ ಬರುವ ಹೊಸೂರಿನ ಕನ್ನಡಿಗನಿಗೆ ಒಂದು ಅನುಕೂಲವಿದೆ. ‘ಅಣ್ಣಾ, ಕೂಲಿಂಗೇ ಇಲ್ಲ’ ಎಂದರೆ ಮೆಕ್ಯಾನಿಕ್ ‘ನೋಡೋಣ ಸರ್’ ಎಂದು ಕನ್ನಡದಲ್ಲೇ ಉತ್ತರಿಸಿ, ಹುಡುಗನತ್ತ ತಿರುಗಿ ತಮಿಳಿನಲ್ಲಿ ‘ಸೋಪ್ಪು ತಣ್ಣಿ ಕೊಂಡಾ’ (ಸೋಪಿನ ನೀರು ತಾ) ಎನ್ನಬಹುದು. ನಿಜವಾದ ತಪಾಸಣೆ ನಡೆಯುವುದು ಈ ಎರಡನೇ ಮಾತಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆದವನಿಗೆ ಎರಡೂ ಕೇಳಿಸುತ್ತವೆ. ಎಲ್ಲಿ ಗುಳ್ಳೆ ಎದ್ದಿತು, ಯಾವ ಜಾಯಿಂಟ್ ಸಡಿಲ ಎಂಬುದು ಅವನಿಗೆ ಕೇಳದೆಯೇ ಗೊತ್ತಾಗುತ್ತದೆ.

ಸೋರುವ ಜಾಗದಲ್ಲಿ ಗ್ಯಾಸಿನ ಜೊತೆ ಕಂಪ್ರೆಸರ್ ಆಯಿಲ್ ಕೂಡ ಜಿನುಗಿ, ದೂಳು ಮೆತ್ತಿಕೊಂಡು ಕಪ್ಪು ಜಿಡ್ಡಿನ ಕಲೆ ಕಟ್ಟುತ್ತದೆ. ಅನುಮಾನ ಉಳಿದರೆ ನೈಟ್ರೋಜನ್ ತುಂಬಿ ಒತ್ತಡ ನೋಡಬೇಕು. ಅದಕ್ಕೂ ಮೊದಲು, ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂದಕ್ಕೆ ಎಳೆದುಕೊಳ್ಳುವುದೇ ಸರಿ: ಸಾಮಾನ್ಯವಾಗಿ ಬಳಕೆಯಲ್ಲಿರುವ ಆರ್-134ಎ ಓಝೋನ್ ಪದರಕ್ಕೆ ಹಾನಿ ಮಾಡದಿದ್ದರೂ, ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಕಾಯಿಸುವ ಅದರ ಶಕ್ತಿ ಇಂಗಾಲದ ಡೈ ಆಕ್ಸೈಡಿನ ಸಾವಿರ ಪಟ್ಟಿಗೂ ಹೆಚ್ಚು.

ಹೊಸ ಕಂಡೆನ್ಸರ್ ಕೂರಿಸುವಾಗ ಓ-ರಿಂಗುಗಳೂ ಹೊಸವಾಗಬೇಕು. ಡ್ರೈಯರ್ ಕಡ್ಡಾಯ. ಒಳಗಿನ ತೇವ ಹೀರುವ ಆ ಪುಟ್ಟ ಭಾಗ, ಪೈಪು ಬಿಚ್ಚಿದ ಕ್ಷಣದಿಂದ ಹೊರಗಿನ ಗಾಳಿಯ ತೇವ ಕುಡಿಯತೊಡಗುತ್ತದೆ. ನಾಲ್ಕು ಕಾಸು ಉಳಿಸಲು ಹಳೆಯದನ್ನೇ ಬಿಟ್ಟರೆ ಕೊನೆಗೆ ಪೆಟ್ಟು ಬೀಳುವುದು ಕಂಪ್ರೆಸರಿಗೆ. ಹಳೆಯ ಕಂಡೆನ್ಸರಿನಲ್ಲಿ ಉಳಿದುಹೋದಷ್ಟು ಆಯಿಲನ್ನೂ ಕಂಪನಿಯ ಲೆಕ್ಕದಂತೆ ಸೇರಿಸಬೇಕು.

ಆಮೇಲೆ ವ್ಯಾಕ್ಯೂಮ್. ಪಂಪು ಅರ್ಧ ಗಂಟೆಯಾದರೂ ಓಡಬೇಕು. ಚೆನ್ನೈಯಂಥ ಕಡಲತೀರದಲ್ಲಿ ಗೇಜಿನ ಮುಳ್ಳು 30 ಇಂಚಿನ ಹತ್ತಿರ ಹೋಗುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ, ಹಾಗಾಗಿ ಒಳ್ಳೆಯ ಪಂಪು ಹಾಕಿದರೂ ಅದು 27ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೊಸೂರಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಪಂಪು ನಿಲ್ಲಿಸಿದ ಮೇಲೆ ಕಾಲು ಗಂಟೆ ಆ ಮುಳ್ಳು ಅಲ್ಲಾಡದಿದ್ದರೆ ಮಾತ್ರ ಗ್ಯಾಸ್ ತುಂಬಬಹುದು.

ಗ್ಯಾಸನ್ನು ಕೈ ಅಂದಾಜಿನಲ್ಲಿ ಬಿಡದೆ ತೂಕ ಮಾಡಿಯೇ ತುಂಬಬೇಕು. ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬುದು ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿರುತ್ತದೆ. ಹೆಚ್ಚಾದರೂ ತಂಪು ಕುಗ್ಗುತ್ತದೆ. ಮಾತು ಯಾವ ಭಾಷೆಯಲ್ಲೇ ನಡೆಯಲಿ, ಬಿಲ್ಲಿನಲ್ಲಿ ಕಂಡೆನ್ಸರ್ ಜೊತೆಗೆ ಡ್ರೈಯರ್, ಓ-ರಿಂಗ್ ಮತ್ತು ತುಂಬಿದ ಗ್ಯಾಸಿನ ತೂಕವನ್ನು ಬರೆಸಿಕೊಳ್ಳಬೇಕು.