ತೆನೆ ತಲುಪಿತಾ?

ನಮ್ಮ ಇಗರ್ಜಿಯ ಮದುವೆಗಳಲ್ಲಿ ಹೆಚ್ಚುಕಮ್ಮಿ ಖಾಯಂ ಆಗಿರೋ ಒಂದು ವಾಚನ ಇದೆ. ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯ. ವಿಶ್ವಾಸ, ನಿರೀಕ್ಷೆ, ಪ್ರೀತಿ ಮೂರೂ ಬರುವ ಅಧ್ಯಾಯ. ಮದುಮಕ್ಕಳು ನಗ್ತಾ ಕೂತಿರ್ತಾರೆ, ನಮ್ಮ ಗಮನ ಊಟದ ಕಡೆ. ಆದ್ರೆ ಪೌಲ ಅದನ್ನು ಬರೆದದ್ದು ಮದುವೆಗಲ್ಲ ಮಾರಾಯ್ರೆ, ಜಗಳಗಂಟ ಸಭೆಯೊಂದಕ್ಕೆ! ಅದೇ ಪತ್ರದ 6ನೇ ಅಧ್ಯಾಯ ತೆಗೆದು ನೋಡಿ, ತಮ್ಮತಮ್ಮಲ್ಲೇ ಕೋರ್ಟು ಹತ್ತಿದವರಿಗೆ ಸರಿಯಾಗಿ ಬೈದಿದ್ದಾನೆ.

ಕೋರ್ಟು ಅಂದಾಗ ನಂಗೆ ಅಮ್ಮನ ತಮ್ಮ ನೆನಪಾಗ್ತಾರೆ. ಅಜ್ಜನ ಗದ್ದೆ ಪಾಲಾದಾಗ ಶುರುವಾದ ಮುನಿಸು, ಮಾತು ಬಿಟ್ಟು ಏಳು ವರ್ಷ. ಕೇಸು ಮುಗಿದಿದೆ, ಮುನಿಸು ಮುಗಿದಿಲ್ಲ.

ಮಂಗಳೂರು ಕಡೆಯವರಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಗೊತ್ತೇ ಇರುತ್ತೆ. ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ಅಕ್ಕಿ ಹಬ್ಬವೂ ಹೌದು. ಒಂಬತ್ತು ದಿನ ಮಕ್ಕಳು ಹೂವು ತಂದು ಅರ್ಪಿಸ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಮನೆಗೆ ಕೊಡ್ತಾರೆ. ಅದರ ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಬೆರೆಸಿ ಎಲ್ಲರಿಗೂ ಒಂದೊಂದು ಗುಟುಕು. ಆಮೇಲೆ ಬಾಳೆಎಲೆ ಊಟ, ಅವತ್ತು ಮೀನೂ ಇಲ್ಲ ಮಾಂಸವೂ ಇಲ್ಲ (ನಮ್ಮಂಥವರಿಗೆ ಅದೇ ದೊಡ್ಡ ತಪಸ್ಸು!). ದೂರದಲ್ಲಿರುವ ಮನೆಯವರಿಗೆ ಒಂದೆರಡು ಕಾಳು ಅಂಚೆಯಲ್ಲಿ ಕಳಿಸೋದೂ ವಾಡಿಕೆ.

ಅಮ್ಮ ಈ ಏಳು ವರ್ಷವೂ ತಮ್ಮನಿಗೆ ಕಳಿಸಿದ್ದಾರೆ. ಕಾಗದ ಇಲ್ಲ, ಒಕ್ಕಣೆ ಇಲ್ಲ, ನಾಲ್ಕು ಕಾಳು ಅಷ್ಟೆ. ಒಂದು ವರ್ಷ ಲಕೋಟೆ ವಾಪಸ್ ಬಂತು. ನಾನಾಗಿದ್ರೆ ಅಲ್ಲಿಗೇ ಬಿಡ್ತಿದ್ದೆ. ಅಮ್ಮ ಯಾರ್ಯಾರನ್ನೋ ಕೇಳಿ ಹೊಸ ವಿಳಾಸ ಹುಡುಕಿದರು. "ಅವನು ಬರಲಿ ಬಿಡಲಿ, ಮನೆಯವನು ಹೌದಲ್ವಾ" ಅಂದ್ರು. ಈ ಮಾತಿನ ಮುಂದೆ ನನ್ನ ವಾದ ನಡೆಯಲಿಲ್ಲ.

ಕನ್ನಡ ಬೈಬಲಿನ 'ನಿರೀಕ್ಷೆ' ಅನ್ನೋ ಪದ ನಂಗೆ ಇಷ್ಟವಾಗೋದು ಇದಕ್ಕೇ. ಭರವಸೆ ಅಂದ್ರೆ ಯಾರೋ ಬೆನ್ನು ತಟ್ಟಿದ ಹಾಗೆ. ನಿರೀಕ್ಷೆಯಲ್ಲಿ ಕಾಯೋದು ಇದೆ, ಬಾಗಿಲ ಕಡೆ ಕಣ್ಣಿದೆ.

ಈ ಸಲ ಅಮ್ಮನ ಕೈ ನಡುಗ್ತಿದ್ದರಿಂದ ವಿಳಾಸ ಬರೆದದ್ದು ನಾನು. ಸ್ಪೀಡ್ ಪೋಸ್ಟ್ ಮಾಡಿದೆ. "ತಲುಪಿತಾ ನೋಡು" ಅಂತ ದಿನಾ ಕೇಳ್ತಿದ್ದರು. ನಾಲ್ಕನೇ ದಿನ ಮೊಬೈಲಲ್ಲಿ 'ಡೆಲಿವರ್ಡ್' ಅಂತ ತೋರಿಸ್ತು. ಫೋನೇನೂ ಬಂದಿಲ್ಲ. ವಾಪಸ್ಸೂ ಬಂದಿಲ್ಲ.