ಹಿಡಕಲ್ಲಿನ ಹಿನ್ನೀರೂ ಜಪಾನಿನ ಕಥೆಯೂ

ಬೆಳಗಾವಿಯಿಂದ ಪುಣೆಯ ಹೆದ್ದಾರಿಯನ್ನು ಹಿಡಿದು ಉತ್ತರಕ್ಕೆ ಹೊರಟು, ಹತ್ತರಗಿಯ ಸಮೀಪದಲ್ಲಿ ಪೂರ್ವಕ್ಕೆ ತಿರುಗಿದ ಪ್ರವಾಸಿಗೆ ಕಬ್ಬಿನ ಹೊಲಗಳಾಚೆಗೆ ಹಿಡಕಲ್ಲಿನ ಅಣೆಕಟ್ಟು ಕಾಣಿಸಿಕೊಳ್ಳುವದು. ಸಹ್ಯಾದ್ರಿಯಲ್ಲಿ ಜನಿಸಿ ಪೂರ್ವವಾಹಿನಿಯಾಗಿ ಕೃಷ್ಣೆಯನ್ನು ಸೇರುವ ಘಟಪ್ರಭೆಯನ್ನು ಹುಕ್ಕೇರಿ ತಾಲೂಕಿನ ಈ ಸ್ಥಳದಲ್ಲಿ ತಡೆದು ನಿಲ್ಲಿಸಿರುವರು. ವಂಟಮುರಿಯ ರಾಜಾ ಲಖಮಗೌಡರ ನಾಮಧೇಯವನ್ನು ಈ ಜಲಾಶಯಕ್ಕೆ ಇಟ್ಟಿದ್ದಾರೆ. ಬೆಳಗಾವಿಯ ಕಾನೂನು ಮಹಾವಿದ್ಯಾಲಯವೂ ಅದೇ ಹೆಸರನ್ನು ಹೊತ್ತಿರುವದು ವಾಚಕರಲ್ಲಿ ಅನೇಕರಿಗೆ ತಿಳಿದೇ ಇದೆ. 1977ರಲ್ಲಿ ಪೂರ್ಣಗೊಂಡ ಈ ಜಲಾಶಯವು ತುಂಬಿದಾಗ ಸುಮಾರು 51 ಟಿ.ಎಂ.ಸಿ., ಎಂದರೆ 5,100 ಕೋಟಿ ಘನ ಅಡಿಗಳಷ್ಟು ನೀರನ್ನು ಧರಿಸುವದು. ಇಲ್ಲಿಂದ ಹೊರಟ ಹೊಳೆಯು ಕೆಳಗೆ ಧೂಪದಾಳದಲ್ಲಿ 1897ರಷ್ಟು ಹಿಂದೆಯೇ ಕಟ್ಟಿದ ಒಡ್ಡನ್ನು ದಾಟಿ, ಗೋಕಾಕದ ಬಳಿಯಲ್ಲಿ ಸುಮಾರು 170 ಅಡಿಗಳ ಎತ್ತರದಿಂದ ಧುಮುಕಿ, ಮುಂದೆ ಬಾಗಿಲಕೋಟೆಯ ಸೀಮೆಗೆ ಸಾಗುವದು.

ಈ ಕಟ್ಟನ್ನು ನೋಡಲು ಜನರು ಬಹುಶಃ ಮಳೆಗಾಲದಲ್ಲಿಯೇ ಬರುವರು. ದ್ವಾರಗಳನ್ನು ತೆರೆದಾಗಿನ ಆ ಭೋರ್ಗರೆತವು ನೋಡತಕ್ಕದ್ದೇ ಅಹುದು. ಆದರೆ ನಾವು ಹೋದದ್ದು ಕಡುಬೇಸಿಗೆಯ ವೈಶಾಖಮಾಸದಲ್ಲಿ. ಆಗ ನೀರು ದಿನದಿನಕ್ಕೆ ಹಿಂದಕ್ಕೆ ಸರಿಯುವದು. ದಂಡೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನೀರಿನ ಗೆರೆಗಳು ಉಳಿಯುವವು. ವರ್ಷದ ಬಹುಭಾಗವೆಲ್ಲ ಜಲಗರ್ಭದಲ್ಲಿರುವ ಹುನ್ನೂರಿನ ವಿಠ್ಠಲ ದೇವಾಲಯವು ಮೆಲ್ಲಗೆ ತಲೆಯೆತ್ತಿ ನಿಲ್ಲುವದು. ದೂರದೂರದ ಭಕ್ತರು ಕೆಸರು ಒಣಗುವದನ್ನೇ ಕಾಯ್ದಿದ್ದು ದರ್ಶನಕ್ಕೆ ಬರುವರು. ಮೃಗಶಿರೆಯ ಮಳೆಯು ಹಿಡಿದ ಮೇಲೆ ನೀರು ಪುನಃ ಏರಿ ಬಂದು ದೇವರನ್ನು ಮುಚ್ಚಿಬಿಡುವದು. ಅಲ್ಲಿ ಮುಳುಗಿದ್ದು ದೇವಾಲಯವೊಂದೇ ಅಲ್ಲ. ಮನೆ, ಬಾವಿ, ಕಣ, ಗೋಮಾಳಗಳೆಲ್ಲವೂ ಮುಳುಗಿದವು. ಅಲ್ಲಿಯ ಜನರು ಎತ್ತರದ ನೆಲವನ್ನು ಹುಡುಕಿಕೊಂಡು ಹೊಸ ಊರುಗಳನ್ನು ಕಟ್ಟಿಕೊಂಡರು.

ಅಂಥ ಮುಳುಗಿದ ಊರೊಂದರಲ್ಲಿ ನಮ್ಮ ಹಿರಿಯ ಅಕ್ಕನವರ ಗಂಡನ ಮನೆ ಇದ್ದಿತು. ಎಳೆಯ ಸೊಸೆಯಾಗಿ ಆ ಮನೆಯನ್ನು ಹೊಕ್ಕ ಅವರು, ಕೆಲವು ವರ್ಷಗಳಲ್ಲಿಯೇ ಗಂಟುಮೂಟೆಗಳೊಡನೆ ಅದನ್ನು ಬಿಟ್ಟು ಹೊರಬೀಳಬೇಕಾಯಿತು. ಅಂದಿನಿಂದ ಇಂದಿನ ವರೆಗೆ ಆ ಮನೆಯ ಮಾತನ್ನು ಅವರು ಆಡಿದ್ದನ್ನು ನಾವು ಕೇಳಿರಲಿಲ್ಲ. ಕೇಳಿದರೆ, “ಹೋದ ಊರಿಗೆ ದಾರಿ ಯಾಕ ಕೇಳತಿ, ತಮ್ಮಾ?” ಎಂದು ಮಾತನ್ನು ತಿರುಗಿಸಿಬಿಡುವರು. ಈ ಸಲ ಅವರ ಬಾಯನ್ನು ತೆರೆಯಿಸಿದ್ದು ಜಪಾನು ದೇಶದ ಒಂದು ಆಟ. ಇದು ಹೇಗೆಂಬದನ್ನು ಹೇಳುವದೇ ಈ ಲೇಖನದ ಉದ್ದೇಶವು.

ಅಕ್ಕನವರ ಮೊಮ್ಮಗನು ಹದಿನಾಲ್ಕು ವರ್ಷದವನು. ಬೆಳಗಾವಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದು, ಸೂಟಿಗೆ ಅಜ್ಜಿಯ ಮನೆಗೆ ಬಂದಿದ್ದನು. ಊಟವಾದ ಮೇಲೆ ಪಡಸಾಲೆಯ ಮೂಲೆಯಲ್ಲಿ ಕುಳಿತು ಮೊಬೈಲಿನಲ್ಲಿ ಒಂದು ವಿಡಿಯೋ ಗೇಮನ್ನು ಆಡುವದು ಅವನ ನಿತ್ಯಕರ್ಮವಾಗಿದ್ದಿತು. ಓಡುವದು, ಹೊಡೆಯುವದು ಇವಿಷ್ಟೇ ಇರುವ ಆಟ ಅದಲ್ಲ. ಆಡುವವನು ಕಥೆಯೊಳಗಿನ ಒಂದು ಪಾತ್ರವನ್ನು ಧರಿಸಿ, ಊರೂರು ತಿರುಗಿ, ಕಂಡವರನ್ನೆಲ್ಲ ಮಾತನಾಡಿಸಿ, ಅವರ ಸುಖದುಃಖಗಳಲ್ಲಿ ಪಾಲುಗೊಳ್ಳುತ್ತ ಕಥೆಯನ್ನು ಮುಂದುವರಿಸಬೇಕು. ಆದ ಮೂಲಕ ಇಂಥ ಆಟದಲ್ಲಿ ಚಿತ್ರಕ್ಕಿಂತ ಮಾತೇ ಹೆಚ್ಚು. ಭಾಷೆ ಬಾರದವನಿಗೆ ಅದು ಬೀಗ ಹಾಕಿದ ಮನೆ.

ಆ ಆಟದ ಹೆಸರು ‘ಮದರ್ 3’, ಎಂದರೆ ‘ತಾಯಿ’ ಎಂಬ ಮಾಲಿಕೆಯ ಮೂರನೆಯ ಕೃತಿ. ಇದರ ಕಥೆಯನ್ನು ರಚಿಸಿದವರು ಶಿಗೆಸಾಟೊ ಇತೋಯಿ ಎಂಬ ಜಪಾನೀ ಲೇಖಕರು. ನಿಂಟೆಂಡೋ ಕಂಪನಿಯವರು ಇದನ್ನು 2006ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜಪಾನಿನಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಮಾತ್ರ ಪ್ರಕಟಿಸಲೇ ಇಲ್ಲ. 2024ರಲ್ಲಿ ತಮ್ಮ ಸ್ವಿಚ್ ಎಂಬ ಯಂತ್ರಕ್ಕೆ ಇದನ್ನು ಪುನಃ ತಂದಾಗಲೂ ಜಪಾನಿಗರಿಗಷ್ಟೇ ಒದಗಿಸಿದರು. ಹೀಗಿರಲು ಹುಕ್ಕೇರಿ ತಾಲೂಕಿನ ಪಡಸಾಲೆಯಲ್ಲಿ ಕುಳಿತ ಹುಡುಗನಿಗೆ ಅದು ಅರ್ಥವಾಗುವದೆಂತು?

ಅದನ್ನು ಸಾಧಿಸಿದವರು ಆಟದ ಅಭಿಮಾನಿಗಳು. ಕ್ಲೈಡ್ ಮ್ಯಾಂಡೆಲಿನ್ ಎಂಬ ಅಮೇರಿಕದ ಅನುವಾದಕರ ಮುಂದಾಳುತನದಲ್ಲಿ ಕೆಲವರು ಒಟ್ಟುಗೂಡಿ, ಸುಮಾರು ಎರಡು ವರ್ಷ ಬಿಡುವಿನ ವೇಳೆಯಲ್ಲಿ ದುಡಿದು, 2008ರ ಅಕ್ಟೋಬರ ತಿಂಗಳಲ್ಲಿ ಇಂಗ್ಲಿಷ್ ಅನುವಾದವನ್ನು ಹೊರತಂದರು. ಮೊದಲನೆಯ ವಾರದಲ್ಲಿಯೇ ಒಂದು ಲಕ್ಷಕ್ಕೂ ಮಿಕ್ಕಿ ಜನರು ಅದನ್ನು ಪಡೆದುಕೊಂಡರು. ಇದಕ್ಕಾಗಿ ಅನುವಾದಕರು ಒಂದು ಕಾಸನ್ನೂ ತೆಗೆದುಕೊಳ್ಳಲಿಲ್ಲ.

ಶ್ರಮವಾದರೂ ಸಾಮಾನ್ಯದ್ದಲ್ಲ. ಪುಸ್ತಕದ ಅನುವಾದಕನಿಗೆ ಪುಟ ಸಾಲದಿದ್ದರೆ ಇನ್ನೊಂದು ಪುಟವುಂಟು. ಇಲ್ಲಿಯಾದರೋ ಯಂತ್ರದ ತೆರೆಯ ಅಗಲವು 240 ಚುಕ್ಕೆ, ಎತ್ತರವು 160 ಚುಕ್ಕೆ. ಮಾತೆಲ್ಲವೂ ಅದರೊಳಗೆ ಹಿಡಿಯಬೇಕು. ಜಪಾನೀ ಬರವಣಿಗೆಯಲ್ಲಿ ಎರಡು ಅಕ್ಷರಗಳಲ್ಲಿ ಮುಗಿಯುವ ಶಬ್ದವು ಇಂಗ್ಲಿಷಿನಲ್ಲಿ ಎಂಟು ಹತ್ತು ಅಕ್ಷರಗಳಿಗೆ ಬೆಳೆಯುವದು. ಜಪಾನೀ ಅಕ್ಷರಗಳು ಒಂದೇ ಅಗಲದ ಚೌಕಗಳಲ್ಲಿ ಕೂಡ್ರತಕ್ಕವು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಸಪೂರ, ಇನ್ನೊಂದು ಅಗಲ. ಆದ್ದರಿಂದ ಅಕ್ಷರಗಳನ್ನು ತೆರೆಯ ಮೇಲೆ ಮೂಡಿಸುವ ಒಳಗಿನ ಯಂತ್ರಸೂತ್ರಗಳನ್ನೇ ಬಿಚ್ಚಿ ಹೊಸದಾಗಿ ಹೊಂದಿಸಬೇಕಾಯಿತು. ಭಾಷೆ ಬಲ್ಲವರೂ ಯಂತ್ರ ಬಲ್ಲವರೂ ಜೊತೆಗೂಡಿದ್ದರಿಂದಲೇ ಇದು ಕೈಗೂಡಿತು.

ಒಡೆಯನ ಅಪ್ಪಣೆಯಿಲ್ಲದೆ ಇನ್ನೊಬ್ಬರ ಕೃತಿಯನ್ನು ಅನುವಾದಿಸುವದು ನ್ಯಾಯವೇ ಎಂದು ವಿವೇಕಿಗಳಾದ ವಾಚಕರು ಕೇಳಬಹುದು. ಪ್ರಶ್ನೆಯು ಯೋಗ್ಯವಾದದ್ದು. ಕಾಯಿದೆಯ ದೃಷ್ಟಿಯಿಂದ ಇದು ಸಂಪೂರ್ಣವಾಗಿ ನಿಷ್ಕಂಟಕವಾದ ಮಾರ್ಗವಲ್ಲ. ಆದರೂ ಆ ಅನುವಾದಕರು ಆಟವನ್ನೇ ಹಂಚಲಿಲ್ಲವೆಂಬದನ್ನು ನೆನೆಯಬೇಕು. ಅವರು ಕೊಟ್ಟದ್ದು ಒಂದು ತೇಪೆಯನ್ನು ಮಾತ್ರ. ಮೂಲದ ಜಪಾನೀ ಆಟವನ್ನು ಹೊಂದಿದವನು ಅದಕ್ಕೆ ಈ ತೇಪೆಯನ್ನು ಹಚ್ಚಿಕೊಂಡರೆ ಮಾತುಗಳು ಇಂಗ್ಲಿಷಾಗುವವು. ನಮ್ಮ ಹುಡುಗನ ಸೋದರಮಾವನು ಉದ್ಯೋಗನಿಮಿತ್ತವಾಗಿ ಜಪಾನಿಗೆ ಹೋದಾಗ ಹಣ ಕೊಟ್ಟು ಮೂಲವನ್ನು ಕೊಂಡು ತಂದಿದ್ದನು. 2013ರಲ್ಲಿ ಮ್ಯಾಂಡೆಲಿನ್ನರು, ಕಂಪನಿಯವರು ಇಂಗ್ಲಿಷ್ ಆವೃತ್ತಿಯನ್ನು ತರುವದಾದರೆ ತಮ್ಮ ಅನುವಾದವನ್ನು ಬಿಟ್ಟಿಯಾಗಿ ಒಪ್ಪಿಸುವೆನೆಂದು ಬಹಿರಂಗವಾಗಿ ಹೇಳಿಯೂ ಇದ್ದರು. ಕದ್ದು ಲಾಭ ಮಾಡುವವನ ನಡತೆಯು ಹೀಗಿರುವದಿಲ್ಲ.

ಇನ್ನು ಪಡಸಾಲೆಗೆ ಬರೋಣ. ಒಂದು ಮಧ್ಯಾಹ್ನ ಅಕ್ಕನವರು ಅವರೆಕಾಳು ಸುಲಿಯುತ್ತ ಕುಳಿತವರು, “ಏನೋ ಅದು, ಹೊತ್ತು ಗೊತ್ತಿಲ್ದ ನೋಡಕೋತ ಕುಂತಿ? ನನಗಾರ ಹೇಳು” ಎಂದರು. ಆಟದ ಆರಂಭದಲ್ಲಿ ಪಾತ್ರಗಳ ಹೆಸರುಗಳನ್ನು ಆಡುವವನೇ ಇಡಬಹುದಂತೆ. ಮೆಚ್ಚಿನ ತಿನಿಸು ಯಾವದೆಂದೂ ಕೇಳುವರಂತೆ. ಹುಡುಗನು ‘ಕುಂದಾ’ ಎಂದು ಬರೆದಿದ್ದನು! ಅಜ್ಜಿ ನಕ್ಕರು. ಅಂದಿನಿಂದ ಹುಡುಗನು ಇಂಗ್ಲಿಷನ್ನು ಓದುವದೂ ಅದನ್ನು ನಮ್ಮ ಸೀಮೆಯ ಕನ್ನಡದಲ್ಲಿ ಅಜ್ಜಿಗೆ ಹೇಳುವದೂ ನಡೆಯಿತು. ನಾವು ಬದಿಗೆ ಕುಳಿತು ಕೇಳಿದೆವು.

ಕಥೆಯ ಸಾರವಿಷ್ಟು: ಒಂದು ದ್ವೀಪದಲ್ಲಿ ಒಂದು ಸಣ್ಣ ಹಳ್ಳಿ; ಅಲ್ಲಿ ದುಡ್ಡೆಂಬದೇ ಇಲ್ಲ. ಅವಳಿ ಗಂಡುಮಕ್ಕಳೊಡನೆ ತವರಿಗೆ ಹೋಗಿದ್ದ ಒಬ್ಬ ತಾಯಿಯು, ಪಾರಿವಾಳದ ಮೂಲಕ ಗಂಡನಿಗೆ ಓಲೆಯನ್ನು ಕಳಿಸಿ, ಮರಳಿ ಬರುವಾಗ ಮಡಿಯುವಳು. ಸ್ವಭಾವತಃ ಸಾಧುವಾದ ಒಂದು ದೊಡ್ಡ ಪ್ರಾಣಿಗೆ ದುಷ್ಟರು ಯಂತ್ರದ ಅಂಗಗಳನ್ನು ಜೋಡಿಸಿ ಕ್ರೂರವನ್ನಾಗಿ ಮಾಡಿದ್ದರು. ಅದೇ ಅವಳನ್ನು ಕೊಂದಿತು. ಬಳಿಕ ಹಳ್ಳಿಗೆ ಒಂದು ಪೆಟ್ಟಿಗೆ ಬರುವದು; ಅದರ ಮುಂದೆ ಕುಳಿತವರು ಏಳರು. ರೈಲು ಬರುವದು, ದುಡ್ಡು ಬರುವದು, ಮುದುಕರನ್ನು ಬೇರೊಂದು ಮನೆಯಲ್ಲಿ ಇಡುವದು ಬರುವದು. ತಂದೆಯೊಬ್ಬನು ಮಾತ್ರ ಹೆಂಡತಿಯ ಗೋರಿಗೆ ಹೋಗುವದನ್ನು ಬಿಡುವದಿಲ್ಲ.

ಆ ಪೆಟ್ಟಿಗೆಯನ್ನು ಹುಡುಗನು ‘ಸುಖದ ಪೆಟ್ಟಿಗಿ’ ಎಂದನು. ಇಂಗ್ಲಿಷಿನಲ್ಲಿ ಅದಕ್ಕೆ ‘ಹ್ಯಾಪಿ ಬಾಕ್ಸ್’ ಎಂದಿದೆ. ಜಪಾನೀ ಮೂಲವು ‘ಶಿಯವಾಸೆ ನೊ ಹಾಕೊ’: ಶಿಯವಾಸೆ ಎಂದರೆ ಸುಖ, ಹಾಕೊ ಎಂದರೆ ಪೆಟ್ಟಿಗೆ, ನಡುವಣ ‘ನೊ’ ಎಂಬದು ನಮ್ಮ ಷಷ್ಠೀ ವಿಭಕ್ತಿಯಂತೆ. ಜಪಾನೀ ಭಾಷೆಯಲ್ಲಿಯೂ ಕ್ರಿಯಾಪದವು ವಾಕ್ಯದ ಕೊನೆಗೆ ಬರುವದು; ಪ್ರತ್ಯಯಗಳು ನಾಮಪದದ ಹಿಂದುಗಡೆ ಹತ್ತುವವು. ಹುಡುಗನು ಒಂದಕ್ಷರ ಜಪಾನಿಯನ್ನು ಅರಿಯದೆಯೂ, ಇಂಗ್ಲಿಷನ್ನು ದಾಟಿ ಮೂಲದ ಮನೆಬಾಗಿಲಿಗೇ ಬಂದು ನಿಂತಿದ್ದನು! ಇನ್ನೊಂದು ಸಂಗತಿಯೂ ನಮ್ಮಂಥ ಸಂಸ್ಕೃತಾಭ್ಯಾಸಿಗಳಿಗೆ ಸಂತೋಷವನ್ನು ಕೊಡತಕ್ಕದ್ದು. ಜಪಾನೀ ಮಕ್ಕಳು ಅ, ಇ, ಉ, ಎ, ಒ ಎಂದು ಸ್ವರಗಳನ್ನು ಹೇಳಿ, ಬಳಿಕ ಕ, ಸ, ತ, ನ ಎಂದು ಅಕ್ಷರಗಳನ್ನು ಕಲಿಯುವ ಕ್ರಮವು, ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಮುಟ್ಟಿದ ನಮ್ಮ ವರ್ಣಮಾಲೆಯ ಕ್ರಮದಿಂದಲೇ ಬಂದದ್ದು.

ಕಥೆಗಳು ಹೀಗೆ ದೇಶಾಂತರ ಮಾಡುವದು ಹೊಸದಲ್ಲ. ಪಂಚತಂತ್ರವು ಪಹ್ಲವಿಗೆ ಹೋಗಿ, ಅಲ್ಲಿಂದ ಅರಬ್ಬಿಗೆ ಹೋಗಿ, ಯುರೋಪಿನ ಭಾಷೆಗಳನ್ನೆಲ್ಲ ಸುತ್ತಿತು. ಕನ್ನಡಕ್ಕೆ ಅದನ್ನು ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ತಂದನು. ಗಳಗನಾಥರು ಮರಾಠಿಯ ಕಾದಂಬರಿಗಳನ್ನು ಕನ್ನಡಿಸಿ, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ನಮ್ಮ ಸೀಮೆಯ ಎಷ್ಟೋ ಮನೆಗಳಿಗೆ ಓದುವ ರುಚಿಯು ಹತ್ತಿದ್ದು ಹಾಗೆ. ಮೆಚ್ಚಿದ್ದನ್ನು ತನ್ನವರಿಗೆ ಮುಟ್ಟಿಸದೆ ಇರಲಾರೆನೆಂಬ ಹಂಬಲವೇ ಅನುವಾದದ ಬೀಜವು. ಆ ಅಭಿಮಾನಿಗಳಲ್ಲಿದ್ದುದೂ ಅದೇ, ಈ ಹುಡುಗನಲ್ಲಿದ್ದುದೂ ಅದೇ.

ಕಥೆಯ ಕೊನೆಯ ಹೊತ್ತಿಗೆ ಒಂದು ಗುಟ್ಟು ಹೊರಬೀಳುವದು. ಎಂದೂ ಮಾತನಾಡದೆ ಗಂಟೆ ಬಾರಿಸುತ್ತಿದ್ದ ಎತ್ತರದ ಮನುಷ್ಯನೊಬ್ಬನು ಅದನ್ನು ಹೇಳುವನು. ಆ ಹಳ್ಳಿಯ ಜನರು ಮೂಲತಃ ಅಲ್ಲಿಯವರಲ್ಲ. ಅವರ ಲೋಕವು ಹಾಳಾದಾಗ ಒಂದು ಬಿಳಿಯ ಹಡಗಿನಲ್ಲಿ ತಪ್ಪಿಸಿಕೊಂಡು ಬಂದವರು. ಹಳೆಯದರ ನೆನಪೆಲ್ಲವನ್ನೂ ಒಂದು ತತ್ತಿಯೊಳಗೆ ಅಡಗಿಸಿಟ್ಟು, ಎಲ್ಲವನ್ನೂ ಮರೆತು, ಹೊಸ ಬಾಳನ್ನು ಕಟ್ಟಿಕೊಂಡವರು. ಗಂಟೆಯವನೊಬ್ಬನಿಗೆ ಮಾತ್ರ ನೆನಪನ್ನು ಉಳಿಸಿದ್ದರು.

ಹುಡುಗನು ಇದನ್ನು ಹೇಳಿ ಮುಗಿಸಿದಾಗ ಅಕ್ಕನವರ ಕೈಯೊಳಗಿನ ಕಾಳು ಹಾಗೆಯೇ ನಿಂತಿತು. “ಅವರಿಗೆ ಮರೀಲಿಕ್ಕೆ ತತ್ತಿ ಸಿಕ್ತು. ನಮಗ ಎಲ್ಲಿ ಸಿಗಬೇಕೋ ಯಪ್ಪಾ” ಎಂದರು. ಬಳಿಕ ತಾವೇ ಹೇಳತೊಡಗಿದರು: ಮನೆ ಬಿಡುವ ಮೊದಲು ಹಗೇವು ತೆರೆದು ಜೋಳವನ್ನೆಲ್ಲ ಮೇಲಕ್ಕೆ ತೆಗೆದದ್ದು; ನಾಗೊಂದಿಯ ಮೇಲಿನ ಹಿತ್ತಾಳೆಯ ಪಾತ್ರೆಗಳನ್ನು ಕಟ್ಟಿದ್ದು; ಗ್ವಾದಲಿಯ ಮುಂದಿನಿಂದ ಎತ್ತುಗಳು ಏಳದೆ ನಿಂತದ್ದು; ಅತ್ತೆಯವರು ಬಾಗಿಲಿಗೆ ಕುಂಕುಮ ಹಚ್ಚಿ ಕೀಲಿಯನ್ನು ಹಾಕಿದ್ದು. “ನೀರಿನ್ಯಾಗ ಮುಳುಗೂ ಮನಿಗೆ ಕೀಲಿ ಯಾಕಂತ ನಾ ಕೇಳಲಿಲ್ಲ” ಎಂದರು.

“ಆಯಿ, ಹಗೇವು ಅಂದ್ರೇನು?” ಎಂದು ಹುಡುಗನು ಕೇಳಿದನು. ನೆಲದೊಳಗೆ ತೋಡಿ, ಸುತ್ತಲೂ ಹುಲ್ಲು ಹಚ್ಚಿ, ವರ್ಷಗಟ್ಟಲೆ ಜೋಳವನ್ನು ಕೆಡದಂತೆ ಇಡುವ ಕುಣಿ ಅದೆಂದು ಅಜ್ಜಿ ವಿವರಿಸಿದರು. ನಾಗೊಂದಿ, ಗ್ವಾದಲಿಗಳನ್ನೂ ವಿವರಿಸಬೇಕಾಯಿತು. ಜಪಾನಿನ ಕಥೆಯನ್ನು ಅಜ್ಜಿಗೆ ತಂದುಕೊಟ್ಟ ಹುಡುಗನಿಗೆ, ತನ್ನ ಸ್ವಂತ ಮನೆಯ ಕಥೆಯನ್ನು ತಿಳಿಯಲು ಅಜ್ಜಿಯ ಅನುವಾದವು ಬೇಕಾಯಿತು! ಅವನು ವಹಿಯೊಂದನ್ನು ತಂದು ಆ ಶಬ್ದಗಳನ್ನು ಬರೆದುಕೊಂಡನು. ಅವನ ಕನ್ನಡ ಅಕ್ಷರಗಳು ಡೊಂಕಾಗಿದ್ದವು. ಹಗೇವಿಗೆ ಹಾಕಿದ ದೀರ್ಘವನ್ನು ನಾವು ತಿದ್ದಿದೆವು. ಮೂರು ದಿವಸಗಳಲ್ಲಿ ವಹಿಯು ಐದು ಪುಟ ತುಂಬಿತು.

ಜಲಾಶಯದಿಂದ ಬಯಲುಸೀಮೆಗೆ ಆದ ಉಪಕಾರವು ಅಪಾರ. ಆ ನೀರಿನಿಂದ ಎಷ್ಟೋ ಸಾವಿರ ಒಲೆಗಳು ಉರಿಯುತ್ತಿರುವವು. ಅದಕ್ಕಾಗಿ ಮನೆಮಾರುಗಳನ್ನು ಬಿಟ್ಟುಕೊಟ್ಟವರಲ್ಲಿ ಇಂದು ಉಳಿದಿರುವವರು ಎಪ್ಪತ್ತು ದಾಟಿದ್ದಾರೆ. ಗೋಡೆಗಳು ಪ್ರತಿ ವೈಶಾಖದಲ್ಲಿ ಮೇಲೆ ಬರಬಹುದು. ಆ ಮನೆಗಳ ಮಾತು ಬಾಯಿಂದಲೇ ಬರಬೇಕು, ಬಾಯಿ ಹೋದ ಮೇಲೆ ಬಾರದು. ಎರಡು ವರ್ಷ ಬಿಡುವಿನ ವೇಳೆಯಲ್ಲಿ ದುಡಿದು ಪರದೇಶದ ಕಥೆಯೊಂದನ್ನು ಉಳಿಸಿಕೊಂಡ ಆ ಅಪರಿಚಿತರನ್ನು ಕಂಡು ನಾವು ಕಲಿಯಬೇಕಾದದ್ದು ಇದೆ. ಮನೆಯ ಮಕ್ಕಳು ಆಟವಾಡುತ್ತ ಕುಳಿತಾಗ, ಅದರ ಕಥೆಯನ್ನು ಕನ್ನಡದಲ್ಲಿ ಹೇಳೆಂದು ಹಿರಿಯರು ಕೇಳಬೇಕು. ಕೇಳಿದ ಮೇಲೆ ತಮ್ಮ ಕಥೆಯನ್ನೂ ಹೇಳಬೇಕು.

ಹಿಡಕಲ್ಲಿಗೆ ಹೋಗುವವರು ಬೇಸಿಗೆಯಲ್ಲಿಯೂ ಒಮ್ಮೆ ಹೋಗಲಿ. ಬೆಳಿಗ್ಗೆ ಬೇಗನೆ ಹೊರಡಬೇಕು. ದಂಡೆಯ ಮೇಲೆ ನೆರಳಿಲ್ಲ, ಕುಡಿಯುವ ನೀರನ್ನು ಕಟ್ಟಿಕೊಂಡೇ ಹೋಗಬೇಕು. ಕೆಸರು ಗಟ್ಟಿಯಾಗಿದೆಯೇ ಎಂಬದನ್ನು ಊರವರನ್ನು ಕೇಳಿಯೇ ಹೆಜ್ಜೆಯಿಡಬೇಕು. ಮತ್ತು ಆ ನೆಲದ ಮೇಲೆ ಒಲೆ ಹೊತ್ತಿಸಿದವರೊಬ್ಬರು ಸಿಕ್ಕರೆ, ಯಾವ ಬದಿಗೆ ಯಾರ ಮನೆ ಇದ್ದಿತೆಂದು ಕೇಳಿ ಬರೆದುಕೊಳ್ಳಬೇಕು.