ಜುಟ್ಟು ಹಿಡಿದ ಜಗಳ, ಪಟ್ಟು ಹಿಡಿದ ಹೋರಾಟ

ಗಂಡ ಹೆಂಡತಿ ಕೂಗಾಡಿದರೂ ಇಂಗ್ಲಿಷಿನಲ್ಲಿ ‘ಫೈಟ್’, ಬಾಕ್ಸರುಗಳು ಮೂಗು ಒಡೆದುಕೊಂಡರೂ ‘ಫೈಟ್’, ಕಾರ್ಮಿಕರು ಕೂಲಿಗಾಗಿ ತಿಂಗಳುಗಟ್ಟಲೆ ಧರಣಿ ಕೂತರೂ ‘ಫೈಟ್’. ಬೇರೆ ಪದಗಳಿಲ್ಲವೆಂದಲ್ಲ, ಇದೊಂದು ಎಲ್ಲದಕ್ಕೂ ಒದಗುತ್ತದೆ. ಸ್ಪ್ಯಾನಿಶ್‌ನಲ್ಲಿ ಹಾಗಾಗದು. ಯಾರು, ಯಾರೊಡನೆ, ಯಾತಕ್ಕೆ ಎಂದು ಕೇಳಿಕೊಂಡ ಮೇಲೆಯೇ ಕ್ರಿಯಾಪದ ಆರಿಸಬೇಕು.

ಮೊದಲನೆಯದು ‘ಪೆಲೆಆರ್’. ಇದು ಹುಟ್ಟಿದ್ದು ‘ಪೆಲೊ’, ಅಂದರೆ ಕೂದಲಿನಿಂದ. ಒಬ್ಬರ ಜುಟ್ಟು ಇನ್ನೊಬ್ಬರು ಹಿಡಿದು ಎಳೆದಾಡುವುದು ಅದರ ಮೂಲಾರ್ಥ. ಜಡೆಜಗಳ ಎಂಬ ಮಾತು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಶಾಲೆಯ ಅಂಗಳದ ಹೊಡೆದಾಟ, ಬಾಕ್ಸಿಂಗ್ ಪಂದ್ಯ, ಕೋಳಿ ಅಂಕ ಎಲ್ಲವೂ ‘ಪೆಲೆಆ’. ಗೂಳಿಯ ಆಟ ಮಾತ್ರ ಅಲ್ಲ. ಅದು ‘ಕೊರ್ರೀದಾ’, ಅಕ್ಷರಶಃ ಓಟ.

ಎರಡನೆಯದು ‘ಲುಚಾರ್’. ಇದರ ಲ್ಯಾಟಿನ್ ಮೂಲಕ್ಕೆ ಕುಸ್ತಿ ಹಿಡಿಯುವುದು ಎಂದರ್ಥ. ಮೆಕ್ಸಿಕೊದ ಮುಖವಾಡದ ಪೈಲ್ವಾನರ ಆಟಕ್ಕೆ ‘ಲುಚಾ ಲೀಬ್ರೆ’ ಎಂದೇ ಹೆಸರು. ಕಾರ್ಮಿಕರ ಚಳವಳಿಯೂ ‘ಲುಚಾ’ ಆಗುತ್ತದೆ. ಕನ್ನಡದ ‘ಪಟ್ಟು’ ಇಂಥದ್ದೇ ಪದ. ಗರಡಿಯಲ್ಲಿ ಪಟ್ಟು ಹಾಕುತ್ತಾರೆ, ಧರಣಿ ಕೂತವರು ಪಟ್ಟು ಬಿಡುವುದಿಲ್ಲ.

ಅರ್ಜೆಂಟೀನಾದ ಮಿಲಿಟರಿ ಆಳ್ವಿಕೆ ಕಣ್ಮರೆ ಮಾಡಿದ ಮಕ್ಕಳಿಗಾಗಿ ಬ್ಯೂನಸ್ ಐರಿಸ್‌ನ ಪ್ಲಾಸಾ ದೆ ಮಾಯೊ ಚೌಕದಲ್ಲಿ 1977ರಲ್ಲಿ ತಾಯಂದಿರು ಸೇರತೊಡಗಿದರು. ತಲೆಗೆ ಬಿಳಿ ವಸ್ತ್ರ ಕಟ್ಟಿ ಅವರು ನಡೆಸಿದ್ದು ‘ಲುಚಾ’. ಅದನ್ನು ಬರಿಯ ‘ಪೆಲೆಆ’ ಎಂದುಬಿಟ್ಟರೆ ಆ ತಾಯಂದಿರು ಸರ್ಕಾರದ ಮೇಲೆ ಜಗಳ ತೆಗೆದ ಹೆಂಗಸರಾಗಿಬಿಡುತ್ತಾರೆ. ಹಾಗೆಂದು ಗೆರೆ ತೀರಾ ನೇರವೂ ಅಲ್ಲ. ಲ್ಯಾಟಿನ್ ಅಮೆರಿಕದಲ್ಲಿ ಹಕ್ಕಿಗಾಗಿ ‘ಪೆಲೆಆರ್’ ಮಾಡುವವರೂ ಇದ್ದಾರೆ. ‘ಗಾಗಿ’ ಎನ್ನುವ ಅರ್ಥದ ‘ಪೊರ್’ ಜೊತೆಗೂಡಿದರೆ ಜುಟ್ಟಿನ ಜಗಳಕ್ಕೂ ಒಂದು ಗುರಿ ಬರುತ್ತದೆ.

ಇಂಗ್ಲಿಷ್ ಬಲ್ಲವರನ್ನು ಎಡವಿಸುವುದು ‘ದಿಸ್ಕುತೀರ್’. ನೋಡಲು ‘ಡಿಸ್ಕಸ್’ನ ತಮ್ಮನಂತಿದೆ. ಒಂದು ವಿಷಯವನ್ನು ಚರ್ಚಿಸುವುದಕ್ಕೆ ಸರಿಹೋಗುತ್ತದೆ ಕೂಡ. ಆದರೆ ಮ್ಯಾನೇಜರ್ ‘ಜೊತೆ’ ದಿಸ್ಕುತೀರ್ ಮಾಡಿದೆ ಎಂದರೆ ಮಾತಿಗೆ ಮಾತು ಬೆಳೆಯಿತು ಎಂದೇ ಕೇಳಿದವರು ತಿಳಿಯುತ್ತಾರೆ. ‘ರೆನ್ಯೀರ್’ ಇನ್ನೊಂದು. ಸ್ಪೇನಿನಲ್ಲಿ ತಾಯಿ ಮಗುವನ್ನು ಗದರುವುದಕ್ಕೂ ಅದೇ, ಪ್ರೇಮಿಗಳು ಮುನಿಸಿಕೊಳ್ಳುವುದಕ್ಕೂ ಅದೇ. ಬಡತನ, ರೋಗ, ಕಾಳ್ಗಿಚ್ಚುಗಳ ವಿರುದ್ಧವಾದರೆ ‘ಕೊಂಬಾತೀರ್’.

ಪದದ ಭಾರ ತಿಳಿಯುವುದು ಹೇಳಿಕೆಗಳ ಅನುವಾದದಲ್ಲಿ. ಠಾಣೆಯಲ್ಲಿ ಒಬ್ಬಳು ‘ನೊಸ್ ಪೆಲೆಆಮೊಸ್’ ಎನ್ನುತ್ತಾಳೆಂದು ಇಟ್ಟುಕೊಳ್ಳಿ. ಕೂಗಾಡಿದೆವು ಎಂದೂ ಆಗಬಹುದು, ಕೈಕೈ ಮಿಲಾಯಿಸಿದೆವು ಎಂದೂ ಆಗಬಹುದು, ಮಾತು ಬಿಟ್ಟೆವು ಎಂದೂ ಆಗಬಹುದು. ‘ಆ ಗೋಲ್ಪೆಸ್’, ಅಂದರೆ ಏಟುಗಳ ಮಾತು ಅಕ್ಕಪಕ್ಕದಲ್ಲಿ ಇದ್ದರೆ ಸಂಶಯವಿಲ್ಲ. ಇಲ್ಲದಿರುವಾಗ ‘ಹೊಡೆದಾಡಿದೆವು’ ಎಂದು ಬರೆದರೆ ಆಕೆ ಹೇಳದ ಏಟನ್ನು ಅನುವಾದಕರೇ ಕಾಗದಕ್ಕಿಳಿಸಿದಂತೆ. ‘ಮಾತಿನ ಚಕಮಕಿ’ ಎಂದರೆ ಬಿದ್ದಿರಬಹುದಾದ ಏಟನ್ನು ಒರೆಸಿದಂತೆ. ಕೇಳಿ ತಿಳಿಯುವ ಅವಕಾಶವಿಲ್ಲದಾಗ ‘ಜಗಳವಾಯಿತು’ ಎಂಬುದೇ ನ್ಯಾಯ. ಮೂಲದಲ್ಲಿರುವ ಅನಿಶ್ಚಿತತೆ ಕನ್ನಡದಲ್ಲೂ ಉಳಿಯುತ್ತದೆ.

ಸ್ಪ್ಯಾನಿಶ್ ಸಾಹಿತ್ಯ ಕನ್ನಡಕ್ಕೆ ಬಂದಿರುವುದು ಬಹುಪಾಲು ಇಂಗ್ಲಿಷಿನ ಹೊಸಿಲು ದಾಟಿ. ಅಲ್ಲಿ ಪೆಲೆಆ, ಲುಚಾ ಎರಡೂ ‘ಫೈಟ್’ ಆಗಿ ಬೆರೆತರೆ, ಈಚೆ ಕೂತವರು ಊಹಿಸಿ ಬೇರ್ಪಡಿಸಬೇಕು. ಜಗಳ, ಹೊಡೆದಾಟ, ವಾಗ್ವಾದ, ಮುನಿಸು, ಹೋರಾಟ ಎಂದು ಕನ್ನಡದ ಕಪಾಟಿನಲ್ಲಿ ಎಲ್ಲವೂ ವಿಂಗಡವಾಗಿಯೇ ಇವೆ. ಇಂಗ್ಲಿಷಿನಿಂದಲೇ ಅನುವಾದಿಸುವವರೂ ‘ಫೈಟ್’ ಬಂದ ಕಡೆ ಒಮ್ಮೆ ನಿಂತು ಸ್ಪ್ಯಾನಿಶ್ ಪುಟ ತೆರೆದು ನೋಡಿದರೆ, ಯಾವುದನ್ನು ಕೈಗೆತ್ತಿಕೊಳ್ಳಬೇಕೆಂದು ಊಹಿಸಬೇಕಾಗುವುದಿಲ್ಲ.